ಬಾಯಮ್ಮನ ಕಣ್ಣಿಗೆ ಏನಾಗಿತ್ತು

ಶಂಕರಪುರದ ರಸ್ತೆ ಬದಿಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸ್‌ನಲ್ಲಿ ಅವರನ್ನು ನಾನು ಗುರುತಿಸಲೇ ಇಲ್ಲ. ಬಸ್ಸಿನಿಂದ ಇಳಿದವಳು ಅದರ ಕೆಳಗೇ ನಿಂತುಕೊಂಡು ಪಕ್ಕದ ಗೂಡಂಗಡಿಯವರಲ್ಲಿ, "ಟಚಪ್ ಬಾಯಮ್ಮನ ಮನೆ ಯಾವ ಕಡೆ?" ಎಂದು ಕೇಳಿದೆ. ಅವರು ನನ್ನನ್ನೊಮ್ಮೆ, ಫ್ಲೆಕ್ಸನ್ನೊಮ್ಮೆ ನೋಡಿ, "ಇವರದ್ದೇ ಅಲ್ವಾ?" ಎಂದರು.

ಫ್ಲೆಕ್ಸ್‌ನಲ್ಲಿದ್ದದ್ದು ಹಾಲಿನ ಬಣ್ಣದ ಒಬ್ಬ ಹೆಂಗಸು. ಕೆನ್ನೆಯ ಮೇಲೆ ಗುಲಾಬಿ ಛಾಯೆ, ತುಟಿಗೂ ಸ್ವಲ್ಪ ಕೆಂಪು. ನನಗೆ ಗೊತ್ತಿದ್ದ ಬಾಯಮ್ಮ ಚೆನ್ನಾಗಿ ಕಪ್ಪಗಿದ್ದವರು, ಬಲಗೆನ್ನೆಯಲ್ಲಿ ಸಿಡುಬಿನ ನಾಲ್ಕು ಕುಳಿ ಇದ್ದವರು. ಮೂವತ್ತು ವರ್ಷ ಉಡುಪಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಕುಳಿತು, ಫೋಟೊಗಳಿಗೆ ಟಚಪ್ ಮಾಡಿ ಊರವರ ಮುಖಗಳನ್ನು ತಿದ್ದಿದ ಹೆಂಗಸಿನ ಮುಖವನ್ನು ಯಾರೋ ಕಂಪ್ಯೂಟರಿನಲ್ಲಿ ಎರಡು ನಿಮಿಷದಲ್ಲಿ ತೊಳೆದು ಹಾಕಿದ್ದರು. ಸಾವಿನ ಮನೆಗೆ ಹೊರಟವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಈ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನ ಮೇಲೆಯೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ಸ್ಟುಡಿಯೊದಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಮಾಲೀಕರು, ಗಿರಾಕಿಗಳು, ಎದುರಿನ ಹೋಟೆಲಿನಿಂದ ಚಾ ತರುವವರು ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ.

ಅವರನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನಗಾಗ ಬಿ.ಎ. ಮುಗಿದಿತ್ತು, ಮನೆಯಲ್ಲಿ ಗಂಡು ಹುಡುಕುವ ಗಡಿಬಿಡಿ ಶುರುವಾಗಿತ್ತು. ನಮ್ಮದು ಕಾಪು. ಅಪ್ಪ ಬೋಟಿಗೆ ಹೋಗುತ್ತಿದ್ದವರು, ಅಮ್ಮ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದವಳು. ನಾನು ಅಪ್ಪನ ಬಣ್ಣ. ಅಮ್ಮನಿಗೆ ಅದೊಂದೇ ಚಿಂತೆ. ಹುಡುಗನ ಕಡೆಯವರಿಗೆ ಕೊಡುವ ಫೋಟೊ ತೆಗೆಸಲು ಉಡುಪಿಗೆ ಕರೆದುಕೊಂಡು ಹೋದವಳು, ಫೋಟೊ ತೆಗೆದು ಆದ ಕೂಡಲೇ ನನ್ನನ್ನು ಎಳೆದುಕೊಂಡು ಒಳಕೋಣೆಗೆ ನುಗ್ಗಿದಳು. ಅಲ್ಲಿ ಕಿಟಕಿಯ ಬಳಿ ಓರೆಯಾದ ಗಾಜಿನ ಮೇಜಿನ ಮುಂದೆ ಬಾಯಮ್ಮ ಕುಳಿತಿದ್ದರು. ಬೆರಳಿನಲ್ಲಿ ಕೂದಲೆಳೆಯಂಥ ಬ್ರಷ್ಷು. ಅದರ ತುದಿಯನ್ನು ತುಟಿಗೆ ತಾಗಿಸಿ ಮೊನೆ ಮಾಡಿಕೊಳ್ಳುತ್ತಿದ್ದರು.

"ಸ್ವಲ್ಪ ಬೆಳ್ಳಗೆ ಮಾಡಿ ಬಾಯಮ್ಮ," ಎಂದಳು ಅಮ್ಮ. "ಗಂಡಿನವರಿಗೆ ಕಳಿಸಲಿಕ್ಕೆ ಉಂಟು."

ಬಾಯಮ್ಮ ನನ್ನ ಕಡೆ ತಿರುಗಿ, "ಕೈ ಇಡು ಮಗ ಇಲ್ಲಿ," ಎಂದರು.

ನಾನು ಕೈಯನ್ನು ಗಾಜಿನ ಮೇಲೆ ಇಟ್ಟೆ. ಅವರು ಮೊದಲು ಹಿಂಗೈ ನೋಡಿದರು. ಆಮೇಲೆ ಕೈಯನ್ನು ಮಗುಚಿ, ಮಣಿಗಂಟಿನಿಂದ ಮೊಣಕೈವರೆಗಿನ ಒಳಮಗ್ಗುಲನ್ನು ಬೆಳಕಿಗೆ ಹಿಡಿದು ನೋಡಿದರು. ಬಿಸಿಲು ತಾಗದ ಜಾಗ ಅದು.

"ಇದು ಕಾಣುತ್ತದಲ್ಲ, ಇಲ್ಲಿಯವರೆಗೆ ನಾನು ಬರುತ್ತೇನೆ," ಎಂದರು ಅಮ್ಮನಿಗೆ. "ಇದು ಇವಳದ್ದೇ ಬಣ್ಣ. ಇದರಿಂದ ಆಚೆ ಹೋದರೆ ಅದು ಡಬ್ಬಿಯದ್ದು. ಅದನ್ನು ನಾನು ಹಾಕುವುದಿಲ್ಲ."

"ಬೇರೆ ಕಡೆ ಎಲ್ಲ ಹಾಕುತ್ತಾರಲ್ಲ?"

"ಹಾಕಲಿ. ಮದುವೆಯ ದಿನ ಹುಡುಗ ಇವಳ ಕೈ ಹಿಡಿಯಲಿಕ್ಕೆ ಉಂಟಲ್ಲ. ಆಗ ಮೋರೆ ಒಂದು ಬಣ್ಣ, ಕೈ ಒಂದು ಬಣ್ಣ ಆದರೆ ಯಾರಿಗೆ ಕೇಳುವುದು, ನನಗಾ?"

ಇದೇ ಅವರ ಕೆಲಸದ ಕ್ರಮ. ಎಂಥ ದೊಡ್ಡ ಮನುಷ್ಯರು ಬಂದರೂ ಮೊದಲು ಕೈ ಇಡಬೇಕು, ಆಮೇಲೆ ಮುಖ. ಫೋಟೊದಲ್ಲಿ ಕೈ ಕಾಣದಿದ್ದರೂ ಅಷ್ಟೆ. ತೀರಿಹೋದವರ ಹಳೆಯ ಫೋಟೊ ದೊಡ್ಡದು ಮಾಡಿಸಲು ಯಾರಾದರೂ ತಂದರೆ, "ಮಗಳೋ ಮಗನೋ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಕೈ ನೋಡಬೇಕು," ಎನ್ನುತ್ತಿದ್ದರು. ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರು ತಮ್ಮ ಮುಖವನ್ನು ಇನ್ನಷ್ಟು ತಿಳಿ ಮಾಡಬೇಕೆಂದು ಹಟ ಹಿಡಿದರಂತೆ. ಬಾಯಮ್ಮ ತಾಳ್ಮೆಯಿಂದ, "ಮುಖ ಮಾಡಿದರೆ ಕಿವಿ ಮಾಡಬೇಕು, ಕಿವಿ ಮಾಡಿದರೆ ಕುತ್ತಿಗೆ ಮಾಡಬೇಕು. ಕೊನೆಗೆ ಫೋಟೊದಲ್ಲಿ ನೀವು ಇರುವುದಿಲ್ಲ ಸರ್, ಕೋಟು ಮಾತ್ರ ಉಳಿಯುತ್ತದೆ," ಎಂದರಂತೆ. ಮ್ಯಾನೇಜರು ಮತ್ತೆ ಆ ಸ್ಟುಡಿಯೊಕ್ಕೆ ಬರಲಿಲ್ಲ.

ನನ್ನ ಫೋಟೊ ಎರಡು ಮನೆಗೆ ಹೋಗಿ ಎರಡು ಮನೆಯಿಂದಲೂ ವಾಪಸು ಬಂತು. ಅಮ್ಮ ಬಾಯಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದು, ಬೇರೆ ಸ್ಟುಡಿಯೊದಲ್ಲಿ ಇನ್ನೊಂದು ತೆಗೆಸಿದಳು. ಅದರಲ್ಲಿ ನಾನು ಗೋಧಿ ಬಣ್ಣಕ್ಕಿಂತಲೂ ಬೆಳ್ಳಗಿದ್ದೆ. ಆ ಫೋಟೊ ನೋಡಿ ಕಾರ್ಕಳದವರು ಒಪ್ಪಿದರು, ಮದುವೆಯೂ ಆಯಿತು. "ಫೋಟೊದಲ್ಲಿ ಬೇರೆಯೇ ಇದ್ದಳು," ಎಂದು ಅತ್ತೆ ಇಂದಿಗೂ ನೆಂಟರ ಮುಂದೆ ನಗುತ್ತಾ ಹೇಳುತ್ತಾರೆ. ನಾನೂ ನಗುತ್ತೇನೆ. ಹೀಗೆ ನಗುವುದನ್ನು ನಾನು ಬಹಳ ಬೇಗ ಕಲಿತೆ.

ಮದುವೆಯಾಗಿ ಉಡುಪಿಯಲ್ಲಿ ಮನೆ ಮಾಡಿದ ಮೇಲೆ ಮಣಿಪಾಲದ ಒಂದು ಸಣ್ಣ ಜಾಹೀರಾತು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಅಂಗಡಿಗಳ ಜಾಹೀರಾತಿಗೆ ಕನ್ನಡದಲ್ಲಿ ಸಾಲು ಬರೆಯುವುದು. ಚಿನ್ನದ ಅಂಗಡಿಗೆ ಹೊಳಪು, ಸೀರೆ ಅಂಗಡಿಗೆ ಸೊಬಗು, ಐಸ್‌ಕ್ರೀಮಿಗೆ ತಂಪು. ನಮ್ಮ ಕಚೇರಿಯ ಫೋಟೊ ಕೆಲಸವೆಲ್ಲ ಬಾಯಮ್ಮ ಇದ್ದ ಸ್ಟುಡಿಯೊದಲ್ಲೇ ಆಗುತ್ತಿದ್ದುದರಿಂದ ವಾರಕ್ಕೆ ಮೂರು ಸಲವಾದರೂ ಅವರ ಮೇಜಿನ ಪಕ್ಕದ ಸ್ಟೂಲಿನಲ್ಲಿ ನಾನು ಕುಳಿತಿರುತ್ತಿದ್ದೆ.

ಅವರು ಮುದ್ದು ಮಾಡುವ ಜಾತಿಯ ಹಿರಿಯರಲ್ಲ. ಹೊಗಳಿಕೆ ಅವರ ಬಾಯಿಂದ ಹೊರಡುತ್ತಿರಲಿಲ್ಲ. ನನ್ನ ಸಾಲುಗಳನ್ನು ಓದಿ, "ಓದಲಿಕ್ಕೆ ಚಂದ ಉಂಟು. ಅರ್ಥ ಎಂತ?" ಎನ್ನುತ್ತಿದ್ದರು. ಬೆಳಿಗ್ಗೆ ಮನೆಯಲ್ಲಿ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾಲೆಯ ಚೆಂಡುಗಳನ್ನು ಊರಿನಲ್ಲಿ ಹೂ ಕೊಳ್ಳುವ ಕಟ್ಟೆಗೆ ಕೊಟ್ಟು, ಕಟಪಾಡಿಯಲ್ಲಿ ಬಸ್ಸು ಬದಲಿಸಿ ಒಂಬತ್ತೂವರೆಗೆ ಸ್ಟುಡಿಯೊದಲ್ಲಿರುತ್ತಿದ್ದರು. ಹನ್ನೊಂದಕ್ಕೆ ಸರಿಯಾಗಿ ಡಬ್ಬಿ ಬಿಚ್ಚಿ ಗಂಜಿ ಮತ್ತು ಒಣಮೀನಿನ ಚಟ್ನಿ. ಆ ಹೊತ್ತಿನಲ್ಲಿ ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ, ಅವರು ತಪ್ಪು ಮಾಡಿದ್ದನ್ನೂ ನೋಡಿಲ್ಲ.

ಆದರೆ ದೇವತೆಯೂ ಅಲ್ಲ. ಮಗನಿಗೆ ಹುಡುಗಿ ನೋಡಿದಾಗ ಅಚ್ಚ ಬಿಳಿಯವಳನ್ನೇ ತಂದರು. "ಇದೆಂತ ಬಾಯಮ್ಮ, ನೀವೂ?" ಎಂದು ಕೇಳಿದರೆ, "ಅದು ಅವನ ಇಷ್ಟ. ನಾನು ಅವಳ ಫೋಟೊಕ್ಕೆ ಕೈ ಹಾಕಲಿಲ್ಲ, ಅಷ್ಟು ಸಾಕು," ಎಂದು ಮುಖ ತಿರುಗಿಸಿದರು. ನನಗೆ ಅವರ ಮೇಲೆ ಮೊದಲ ಸಲ ಬೇಸರವಾದದ್ದು ಅಂದು.

ಸ್ಟುಡಿಯೊಕ್ಕೆ ಕಂಪ್ಯೂಟರ್ ಬಂದಾಗ ಎಲ್ಲರೂ ಬಾಯಮ್ಮನ ಕತೆ ಮುಗಿಯಿತು ಎಂದುಕೊಂಡರು. ಅವರು ಮಣಿಪಾಲದ ತರಬೇತಿ ಕೇಂದ್ರಕ್ಕೆ ತಿಂಗಳು ಕಾಲ ಹೋಗಿ, ಕಾಲೇಜು ಹುಡುಗಿಯರ ನಡುವೆ ಕುಳಿತು ಕಲಿತು ಬಂದರು. ಮೌಸನ್ನು ಬ್ರಷ್ಷಿನ ಹಾಗೆ ಮೂರು ಬೆರಳಲ್ಲಿ ಹಿಡಿಯುತ್ತಿದ್ದರು. ಕೆಲಸ ಮಾತ್ರ ಮೊದಲಿನಷ್ಟೇ ನಯ. ಕೈ ಇಡುವ ಕ್ರಮವನ್ನೂ ಬಿಡಲಿಲ್ಲ, ಈಗ ಕೀಬೋರ್ಡಿನ ಪಕ್ಕ ಇಡಬೇಕಿತ್ತು.

ಆ ಜಾಹೀರಾತು ಬಂದದ್ದು ಊರಿಗೆ ಫ್ಲೆಕ್ಸ್ ಹೊಸದಾಗಿ ಕಾಲಿಟ್ಟ ವರ್ಷ. ಉಡುಪಿಯಲ್ಲೂ ಕಾರ್ಕಳದಲ್ಲೂ ಮಳಿಗೆ ಇದ್ದ ಒಂದು ಸೀರೆ ಅಂಗಡಿಯವರು ದೀಪಾವಳಿಗೆ ಮುಂಬೈಯ ಒಬ್ಬ ಸಿನಿಮಾ ನಟಿಯನ್ನು ಗೊತ್ತು ಮಾಡಿದರು. ಕೆನೆಬಣ್ಣದ ರೇಷ್ಮೆ ಸೀರೆ ಉಟ್ಟ ನಟಿಯ ಫೋಟೊ ಮುಂಬೈಯಲ್ಲೇ ತೆಗೆದು ಸಿ.ಡಿ.ಯಲ್ಲಿ ಬಂತು. ಹಿನ್ನೆಲೆಗೆ ನಮ್ಮ ಕರಾವಳಿ ಬೇಕು, ಮೀನು ಮಾರುವ ನಾಲ್ಕು ಹೆಂಗಸರು ಬುಟ್ಟಿ ಹೊತ್ತು ನಿಂತಿರಬೇಕು ಎಂಬುದು ಅಂಗಡಿಯ ಧಣಿಗಳ ಯೋಚನೆ. ಮೇಲಿನ ಸಾಲು ನನ್ನದು: "ಎಲ್ಲರ ನಡುವೆ ನೀವೊಬ್ಬರೇ ಬೆಳದಿಂಗಳು."

ನಾಲ್ವರು ಹೆಂಗಸರನ್ನು ಒಪ್ಪಿಸಿದವಳೂ ನಾನೇ. ಹೆಜಮಾಡಿಯ ಗಿರಿಜಕ್ಕ ಅಮ್ಮನ ಜೊತೆ ಇಪ್ಪತ್ತು ವರ್ಷ ಮೀನು ಮಾರಿದವರು, ನನ್ನನ್ನು ಎತ್ತಿ ಆಡಿಸಿದವರು. ಅವರು ಹೂಂ ಅಂದ ಮೇಲೆ ಉಳಿದ ಮೂವರೂ ಬಂದರು. ಹೆಜಮಾಡಿಯ ಕಡಲ ಬದಿಯಲ್ಲಿ ಫೋಟೊ ತೆಗೆದಾಗ ಗಿರಿಜಕ್ಕ ಹೊಸ ಹಸಿರು ಗಾಜಿನ ಬಳೆ ತೊಟ್ಟು, ಬುಟ್ಟಿಗೆ ಎರಡೂ ಕೈ ಕೊಟ್ಟು, ಹಲ್ಲು ಕಾಣುವಂತೆ ನಕ್ಕಿದ್ದರು. ಬಾಯಮ್ಮ ನಟಿಯನ್ನೂ ಇವರನ್ನೂ ಒಂದೇ ಚಿತ್ರಕ್ಕೆ ತಂದರು. ಮೊದಲ ಪ್ರತಿ ನೋಡಿದಾಗ ಕಣ್ಣು ನಟಿಯನ್ನು ದಾಟಿ ಸೀದಾ ಗಿರಿಜಕ್ಕನ ನಗುವಿಗೆ ಹೋಗುತ್ತಿತ್ತು.

ಧಣಿಗಳಿಗೆ ಅದೇ ತಲೆನೋವಾಯಿತು. "ಹೀರೋಯಿನ್ ಯಾರು ಮಾರಾಯ್ರೆ ಇಲ್ಲಿ? ಸೀರೆ ಮಾರಬೇಕಾ, ಮೀನು ಮಾರಬೇಕಾ?" ಎಂದವರು ನನ್ನ ಕಡೆ ತಿರುಗಿ, "ಬೆಳದಿಂಗಳು ಅಂತ ಬರೆದದ್ದು ನೀವೇ ಅಲ್ವಾ. ಬೆಳದಿಂಗಳು ಕಾಣಬೇಕಾದರೆ ಕತ್ತಲೆ ಬೇಕಲ್ಲ. ಹಿಂದಿನವರನ್ನು ಕಪ್ಪು ಮಾಡಿಸಿ. ಒಳ್ಳೆ ಕಪ್ಪು," ಎಂದರು. ನಮ್ಮ ಮ್ಯಾನೇಜರು, ಎಂಥ ಒಳ್ಳೆಯ ಐಡಿಯಾ ಎಂಬಂತೆ ತಲೆಯಾಡಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅದೇ ಸಂಜೆ ಬಾಯಮ್ಮನ ಬಳಿ ಹೋಗಿ ವಿಷಯ ಹೇಳಿದೆ. ಅವರು ಪರದೆಯ ಮೇಲಿದ್ದ ಗಿರಿಜಕ್ಕನ ಮುಖವನ್ನು ನೋಡುತ್ತಲೇ, "ಎಷ್ಟು ಕಪ್ಪು?" ಎಂದರು.

"ಧಣಿಗಳು ಒಳ್ಳೆ ಕಪ್ಪು ಅಂದಿದ್ದಾರೆ."

"ನೀನು ಎಂತ ಹೇಳುತ್ತಿ?"

"ನಾನು ಹೇಳುವುದು ಎಂತ ಉಂಟು ಬಾಯಮ್ಮ? ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು."

ಅವರ ನೋಟ ಕೀಬೋರ್ಡಿನ ಪಕ್ಕದಲ್ಲಿದ್ದ ನನ್ನ ಕೈಯ ಮೇಲೆ ಬಂತು. ನಾನು ಕೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ. "ಸರಿ, ಮಾಡುತ್ತೇನೆ," ಎಂದರು ಬಾಯಮ್ಮ.

ಮರುದಿನ ಪುಸ್ತಕದ ಹಾಳೆಯಷ್ಟೇ ಗಾತ್ರದ ಪ್ರತಿ ನಮ್ಮ ಕಚೇರಿಗೆ ಬಂತು. ನಾಲ್ವರ ಮುಖವೂ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು, ಕಣ್ಣಿನ ಬಿಳಿಯೂ ಹಲ್ಲೂ ಮಾತ್ರ ಕಾಣುತ್ತಿತ್ತು. ನಟಿ ಹೊಳೆಯುತ್ತಿದ್ದಳು. ಮ್ಯಾನೇಜರು ನಟಿಯನ್ನಷ್ಟೇ ನೋಡಿ ಖುಷಿಯಾದರು. ನಾನು ನೋಡಿದ್ದು ಬುಟ್ಟಿ ಹಿಡಿದ ಎಂಟು ಕೈಗಳನ್ನು. ಅವು ಇದ್ದ ಹಾಗೇ ಇದ್ದವು. ಬಿಸಿಲಿಗೆ ಕಂದಿದ, ಉಪ್ಪುನೀರಿಗೆ ಸುಕ್ಕಾದ, ಅವರವರದೇ ಬಣ್ಣದ ಕೈಗಳು.

ಹೌದು, ಪ್ರೆಸ್ಸಿಗೆ ಹೋಗುವ ಮೊದಲೇ ನಾನು ಅದನ್ನು ನೋಡಿದ್ದೆ. ಮೂವತ್ತು ವರ್ಷ ಕಾಲ, ಮೊದಲು ಕೈ ನೋಡಿ ಆಮೇಲೆ ಮುಖಕ್ಕೆ ಹೋದ ಹೆಂಗಸು ಕೈಯನ್ನು ಮರೆಯುವುದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಆದರೂ ನೋಡದವಳ ಹಾಗೆ ಸಹಿ ಹಾಕಿ ಕಳಿಸಿದೆ. ಸಣ್ಣ ಪ್ರತಿಯಲ್ಲಿ ಯಾರಿಗೂ ಗೊತ್ತಾಗದು, ಯಾವ ಗಲಾಟೆಯೂ ಇಲ್ಲದೆ ಮುಗಿದುಹೋಗಲಿ ಎಂದುಕೊಂಡೆ. ಫ್ಲೆಕ್ಸ್ ಎಂಬುದು ಎಷ್ಟು ದೊಡ್ಡದಾಗುತ್ತದೆ ಎಂಬ ಅಂದಾಜು ನನಗಿರಲಿಲ್ಲ.

ಕಟಪಾಡಿ ಜಂಕ್ಷನ್ನಿನಲ್ಲಿ ಹೆದ್ದಾರಿಗೆ ಮುಖ ಮಾಡಿ ಅದನ್ನು ಏರಿಸಿದಾಗ ಒಂದೊಂದು ಕೈ ಮಂಚದಷ್ಟು ಉದ್ದವಿತ್ತು. ಎರಡನೆಯ ದಿನ ಬೆಳಿಗ್ಗೆ ಗಿರಿಜಕ್ಕ ಮೀನಿನ ಬುಟ್ಟಿಯೊಂದಿಗೆ ಅಲ್ಲಿ ಬಸ್ಸಿಳಿದರು. ಬಸ್ ಸ್ಟಾಪಿನಲ್ಲಿದ್ದವರು ಆಮೇಲೆ ಹೇಳಿದ ಪ್ರಕಾರ, ಅವರು ಬುಟ್ಟಿ ಕೆಳಗಿಟ್ಟು, ಬಹಳ ಹೊತ್ತು ಮೇಲೆ ನೋಡಿ, ತಮ್ಮ ಕೈಯ ಹಸಿರು ಬಳೆಗಳನ್ನು ಒಮ್ಮೆ ನೋಡಿಕೊಂಡು ತುಳುವಿನಲ್ಲಿ ಕೇಳಿದರಂತೆ: "ಕೈ ನನ್ನದೇ. ಬಳೆಯೂ ನನ್ನದೇ. ಮೋರೆ ಯಾರದ್ದು?"

ಆಟೊದವರು ಸುತ್ತ ಸೇರಿದರು. ಅಷ್ಟು ಹೊತ್ತು ಬೆಳದಿಂಗಳನ್ನು ನೋಡುತ್ತಿದ್ದವರೆಲ್ಲ ಕೈಗಳನ್ನು ನೋಡತೊಡಗಿದರು. ಒಮ್ಮೆ ಕೈ ಕಣ್ಣಿಗೆ ಬಿದ್ದ ಮೇಲೆ ಬೇರೆ ಏನೂ ಕಾಣುವ ಹಾಗಿರಲಿಲ್ಲ. ಇವರ ಮುಖಕ್ಕೆ ಯಾರೋ ಬೇಕೆಂದೇ ಮಸಿ ಬಳಿದಿದ್ದಾರೆ ಎಂಬುದು ಓದು ಬಾರದವರಿಗೂ ತಿಳಿಯುತ್ತಿತ್ತು. ಮಧ್ಯಾಹ್ನದೊಳಗೆ ಮೂವತ್ತು ನಲವತ್ತು ಮೀನಿನ ಹೆಂಗಸರು ಉಡುಪಿಯ ಅಂಗಡಿಯ ಮೆಟ್ಟಿಲಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತರು. ಮಣಿಪಾಲದ ವಿದ್ಯಾರ್ಥಿಗಳು ಬಂದರು. ಪತ್ರಿಕೆಗಳ ವಾಚಕರ ವಾಣಿಯಲ್ಲಿ ವಾರವಿಡೀ ಇದೇ. ಒಬ್ಬ ಅಧ್ಯಾಪಕರು ಇದು ವರ್ಣಭೇದ ಎಂದು ಬರೆದರು. ಇನ್ನೊಬ್ಬರು, ಕಪ್ಪಗಿರುವವರನ್ನು ಕಪ್ಪಗೆ ತೋರಿಸಿದರೆ ತಪ್ಪೇನು ಎಂದು ಬರೆದರು. ನಟಿ ಮುಂಬೈಯಿಂದ, ತಾನು ಸೀರೆ ಉಟ್ಟದ್ದು ಮಾತ್ರ, ಹಿಂದೆ ಯಾರಿದ್ದರೆಂದು ಗೊತ್ತಿಲ್ಲ ಎಂದು ತಿಳಿಸಿದಳು. ಅದು ನಿಜವೂ ಹೌದು. "ಎಂತ ವರ್ಣಭೇದ ಮಾರಾಯ್ರೆ," ಎನ್ನುತ್ತಿದ್ದರು ಧಣಿಗಳು, "ಇದೆಂತ ಆಫ್ರಿಕವಾ?"

ಆ ನಾಲ್ಕೈದು ದಿನ ನನಗೆ ಹೆದರಿಕೆಯ ಜೊತೆಗೆ ಒಂದು ಗುಟ್ಟಿನ ಸಂತೋಷವೂ ಇತ್ತು. ಈಗ ಯಾರಾದರೂ ಧಣಿಗಳನ್ನು ನೇರವಾಗಿ ಕೇಳುತ್ತಾರೆ, ಕಪ್ಪು ಮಾಡಲು ಹೇಳಿದ್ದು ಯಾರು ಎಂಬ ಪ್ರಶ್ನೆ ಏಳುತ್ತದೆ ಎಂದುಕೊಂಡಿದ್ದೆ. ಏಳಲಿಲ್ಲ. ಅದು ಏಳುವ ಮೊದಲೇ ನಮ್ಮ ಕಚೇರಿಯಲ್ಲಿ ಸಭೆ ಕರೆದರು. ಧಣಿಗಳು, ಸ್ಟುಡಿಯೊ ಮಾಲೀಕರು, ನಮ್ಮ ಮ್ಯಾನೇಜರು, ಟೀ ಆರಿಸುತ್ತಾ ನಾನು. ಬಾಯಮ್ಮನನ್ನು ಕರೆದಿರಲಿಲ್ಲ.

"ಗಲಾಟೆ ಆದದ್ದು ಎಂತಕ್ಕೆ? ಕೈಗೂ ಮೋರೆಗೂ ತಾಳೆ ಆಗದ್ದಕ್ಕೆ," ಎಂದರು ಮ್ಯಾನೇಜರು. "ಹಾಗಾದರೆ ಇದು ಟಚಪ್ ತಪ್ಪು. ಅಷ್ಟೇ ಅಲ್ವಾ?"

ಸ್ಟುಡಿಯೊ ಮಾಲೀಕರು ಸ್ವಲ್ಪ ಹಿಂದೆ ಮುಂದೆ ನೋಡಿದರು. "ಬಾಯಮ್ಮ ಹಾಗೆ ತಪ್ಪು ಮಾಡುವವರಲ್ಲ. ಆದರೆ ವಯಸ್ಸಾಯಿತು. ಕಂಪ್ಯೂಟರ್ ನೋಡಿ ನೋಡಿ ಕಣ್ಣಿಗೆ ಏನಾದರೂ ಆಗಿರಬಹುದು."

ಮೂವರೂ ನನ್ನನ್ನು ನೋಡಿದರು. ಬರೆಯುವವಳು ನಾನಲ್ಲವೆ. ಅಂದು ನಾನು, "ಕಪ್ಪು ಮಾಡಲು ಹೇಳಿದ್ದು ನಾವು," ಎನ್ನಬಹುದಿತ್ತು. ನಾಲ್ಕು ಪದ ಸಾಕಿತ್ತು. ದಿನಕ್ಕೆ ನೂರು ಸಾಲು ಬರೆಯುತ್ತಿದ್ದವಳಿಗೆ ಆ ನಾಲ್ಕು ಪದ ಬರಲಿಲ್ಲ. ಪೆನ್ನು ತೆಗೆದು ಬರೆದೆ: "ಹಿರಿಯ ಸಿಬ್ಬಂದಿಯೊಬ್ಬರ ವಯೋಸಹಜ ದೃಷ್ಟಿದೋಷದಿಂದ ಸಂಭವಿಸಿದ ತಾಂತ್ರಿಕ ತಪ್ಪಿಗೆ ವಿಷಾದಿಸುತ್ತೇವೆ." ಚೆನ್ನಾಗಿದೆ ಎಂದರು ಧಣಿಗಳು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬಂತು.

ಅದಾಗಿ ಮೂರನೆಯ ದಿನ ಕಟಪಾಡಿಯಲ್ಲೂ ಕಾರ್ಕಳದಲ್ಲೂ ತಿದ್ದಿದ ಫ್ಲೆಕ್ಸ್ ಏರಿತು. ತಿದ್ದಿದ್ದೇನೆಂದರೆ, ಕೈಗಳನ್ನೂ ಕಪ್ಪು ಮಾಡಿದ್ದರು. ಫ್ಲೆಕ್ಸ್ ಮುದ್ರಿಸುವ ಕಡೆಯಲ್ಲೇ ಯಾರೋ ಮಾಡಿ ಮುಗಿಸಿದ್ದರು. ಬಳೆಗಳು ಕೂಡ ಕಾಣುತ್ತಿರಲಿಲ್ಲ. ಈಗ ಮುಖಕ್ಕೂ ಕೈಗೂ ಚೆನ್ನಾಗಿ ತಾಳೆಯಾಗುತ್ತಿತ್ತು. ಜನ ನೋಡಿದರು, ಸರಿಯಾಯಿತಲ್ಲ ಎಂದರು, ಬಸ್ಸು ಹತ್ತಿದರು. ವಾಚಕರ ವಾಣಿಯಲ್ಲಿ ರಸ್ತೆ ಗುಂಡಿಗಳ ವಿಷಯ ಮತ್ತೆ ಶುರುವಾಯಿತು. ವರ್ಣಭೇದ ಎಂದು ಬರೆದ ಅಧ್ಯಾಪಕರೂ ಮತ್ತೆ ಬರೆಯಲಿಲ್ಲ. ಆ ದೀಪಾವಳಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಗಿರಿಜಕ್ಕನನ್ನು ಕಾಪು ಮಾರ್ಕೆಟಿನಲ್ಲಿ ಕಂಡೆ. ತಲೆ ತಗ್ಗಿಸಿ ಬಂಗುಡೆಯ ಮೇಲೆ ನೀರು ಚಿಮುಕಿಸುತ್ತಿದ್ದರು. ನಾನು ಏನೋ ಹೇಳಲು ಹೊರಟಾಗ ತಡೆದು, "ಮೊದಲು ಮೋರೆ ಹೋಗಿತ್ತು ಮಗ. ಈಗ ಕೈಯೂ ಹೋಯಿತು. ಬಿಡು," ಎಂದರು. ಅಂದಿನಿಂದ ಅವರು ನನ್ನೊಡನೆ ಮಾತಾಡಿದ್ದು ಮೀನಿನ ವಿಷಯ ಮಾತ್ರ.

ಬಾಯಮ್ಮನನ್ನು ಆ ತಿಂಗಳ ಕೊನೆಗೆ ಮನೆಗೆ ಕಳಿಸಿದರು. ಎರಡು ತಿಂಗಳು ನಾನು ಆ ಕಡೆ ಸುಳಿಯಲಿಲ್ಲ. ಕೊನೆಗೊಂದು ಭಾನುವಾರ ಧೈರ್ಯ ಮಾಡಿ ಶಂಕರಪುರಕ್ಕೆ ಹೋದೆ. ಬೆಳಿಗ್ಗೆ ಎಂಟು ಗಂಟೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಬಾಳೆನಾರು ಬೆರಳ ಸಂದಿಯಲ್ಲಿ ಓಡುತ್ತಿತ್ತು. ಕನ್ನಡಕವಿಲ್ಲ. ನನ್ನೊಡನೆ ಮಾತಾಡುತ್ತಲೇ, ಮೊರದ ಆಚೆ ತುದಿಯ ಒಂದು ಮೊಗ್ಗನ್ನು ಹೆಕ್ಕಿ ಹೊರಗೆಸೆದರು. ನಾನು ಎದ್ದು ಹೋಗಿ ನೋಡಿದೆ. ತೊಟ್ಟಿನ ಹತ್ತಿರ ಸೂಜಿಮೊನೆಯಷ್ಟು ಕಂದು ಚುಕ್ಕೆಯಿತ್ತು.

"ನೀವು ಬೇಕೆಂದೇ ಕೈ ಬಿಟ್ಟದ್ದಲ್ವಾ ಬಾಯಮ್ಮ?" ಎಂದು ಕೇಳಿದೆ.

"ಮತ್ತೆಂತ, ಮರೆತದ್ದಾ?"

"ನಾನು ಮಾಡುವುದಿಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲ?" ನನ್ನ ಧ್ವನಿ ಏರಿತ್ತು. ಎರಡು ತಿಂಗಳ ಸಿಟ್ಟನ್ನು ಹಾಕಲು ನನಗೊಂದು ಜಾಗ ಬೇಕಿತ್ತು. "ಪತ್ರಿಕೆಯಲ್ಲಿ ಬಂದಾಗಲಾದರೂ, ನನ್ನ ಕಣ್ಣಿಗೆ ಏನೂ ಆಗಿಲ್ಲ ಅಂತ ಹೇಳಬಹುದಿತ್ತು. ಸುಮ್ಮನೆ ಯಾಕೆ ಕುಳಿತಿರಿ?"

ಅವರು ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಾನು ಮಾಡುವುದಿಲ್ಲ ಅಂದರೆ ಬೇರೆಯವರು ಮಾಡುತ್ತಾರೆ. ಚಂದ ಮಾಡುತ್ತಾರೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಆ ಹೆಂಗಸಿಗೂ ತನ್ನ ಮೋರೆ ಹಾಗೇ ಉಂಟು ಅಂತ ಆಗುತ್ತದೆ. ಅದಕ್ಕೆ ನಾನೇ ಮಾಡಿದೆ, ಕೆಟ್ಟದಾಗಿ ಮಾಡಿದೆ. ಮೂವತ್ತು ವರ್ಷದಲ್ಲಿ ಅದೊಂದೇ ಕೆಲಸ ಹಾಳು ಮಾಡಿದ್ದು."

"ಆಮೇಲೆ?"

"ಆಮೇಲೆ ಎಂತ? ನನ್ನ ಮಾತು ಯಾರು ಕೇಳುತ್ತಾರೆ. ಕೆಲಸ ಹೋದ ಸಿಟ್ಟಿಗೆ ಹೇಳುತ್ತಾಳೆ ಅನ್ನುತ್ತಾರೆ. ಹೇಳುವವರು ಬೇರೆ ಒಬ್ಬರು ಇದ್ದಾರೆ ಅಂತ ನಂಬಿಕೊಂಡು ನಾನು ಇದ್ದೆ." ನಾರನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದರು. "ನಿನ್ನ ಕೈ ನೋಡಿದವಳಲ್ವಾ ನಾನು. ನೀನು ಹೇಳುತ್ತಿ ಅಂತ ಇತ್ತು."

ಬೈದಿದ್ದರೆ ಸುಲಭವಿತ್ತು. ಅವರು ಬೈಯಲಿಲ್ಲ, ಕಾಫಿ ಕೊಟ್ಟರು, ಹೊರಡುವಾಗ ಮುಡಿಯಲು ಒಂದು ಮೊಳ ಮಲ್ಲಿಗೆಯನ್ನೂ ಕೊಟ್ಟರು. ಬಸ್ಸಿನಲ್ಲಿ ಅದರ ಪರಿಮಳ ತಡೆಯಲಾಗದೆ ಚೀಲದೊಳಗೆ ಹಾಕಿದೆ. ಕಟಪಾಡಿಯಲ್ಲಿ ಆ ಫ್ಲೆಕ್ಸ್ ಬಿಸಿಲಿಗೆ ಮಾಸುತ್ತಾ ಇನ್ನೂ ನಿಂತಿತ್ತು. ಮುಂದಿನ ವರ್ಷ ನಾನು ಜಾಹೀರಾತಿನ ಕೆಲಸ ಬಿಟ್ಟು ಶಾಲೆಯಲ್ಲಿ ಕನ್ನಡ ಕಲಿಸಲು ಸೇರಿದೆ. ಅದು ಪಶ್ಚಾತ್ತಾಪದಿಂದ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ, ಆದರೆ ಶಾಲೆ ಮನೆಗೆ ಹತ್ತಿರವಿತ್ತು ಎಂಬುದೂ ಒಂದು ಕಾರಣ. ಬಾಯಮ್ಮನ ಮನೆಗೆ ಮತ್ತೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಮತ್ತೆ ಹೋದದ್ದು ಈ ಸಲ, ಅವರು ಇಲ್ಲವಾದ ಮೇಲೆ. ಚರ್ಚಿನಿಂದ ಎಲ್ಲರೂ ಮರಳಿದ್ದರು. ನಾನು ಕನ್ನಡ ಟೀಚರ್ ಎಂದು ಪರಿಚಯ ಹೇಳಿಕೊಂಡ ಮೇಲೆ ಜಗಲಿಯಲ್ಲಿ ಅವರ ಮಗ ಕುರ್ಚಿ ಕೊಟ್ಟು ಕೂರಿಸಿದ. ಸಭ್ಯ ಮನುಷ್ಯ, ಅತ್ತು ಕಣ್ಣು ಕೆಂಪಾಗಿತ್ತು. ನಾನು ತಡೆಯಲಾರದೆ ಫ್ಲೆಕ್ಸಿನ ಮಾತೆತ್ತಿದೆ.

"ಅಮ್ಮನ ಬಣ್ಣ ಹಾಗಿರಲಿಲ್ಲ ಅಲ್ವಾ?"

"ಇದ್ದ ಫೋಟೊ ಸ್ವಲ್ಪ ಕಪ್ಪು ಬಂದಿತ್ತು ಟೀಚರ್," ಎಂದ ಅವನು, ತಪ್ಪು ತನ್ನದೇ ಎಂಬಂತೆ. "ಫ್ಲೆಕ್ಸಿನವರೇ ಸರಿ ಮಾಡಿಕೊಟ್ಟರು. ಚಂದ ಬಂದಿದೆ ಅಂತ ಎಲ್ಲರೂ ಹೇಳಿದರು."

ಅದು ಕೊರಳಿನಿಂದ ಮೇಲಿನ ಫೋಟೊ, ಕೈಗಳಿರಲಿಲ್ಲ. ಇದ್ದಿದ್ದರೆ ಕಟಪಾಡಿಯ ಹಾಗೆ ಇಲ್ಲಿಯೂ ಯಾರಾದರೂ ಕೇಳುತ್ತಿದ್ದರೇನೋ.

ಅವನು ಒಳಗೆ ಹೋಗಿ ಒಂದು ಕಾಗದ ತಂದ. ಚರ್ಚಿನ ಪತ್ರಿಕೆಗೆ ಅಮ್ಮನ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದನಂತೆ. "ನೀವು ಕನ್ನಡ ಟೀಚರ್ ಅಲ್ವಾ, ಸ್ವಲ್ಪ ತಿದ್ದಿ ಕೊಡುತ್ತೀರಾ?"

ಓದಿದೆ. ಹುಟ್ಟಿದ್ದು, ಮದುವೆಯಾದದ್ದು, ಬೇಗ ವಿಧವೆಯಾದದ್ದು, ದುಡಿದು ಮಕ್ಕಳನ್ನು ಸಾಕಿದ್ದು. ಮೂರನೆಯ ಸಾಲು ಹೀಗಿತ್ತು: "ಮೂವತ್ತು ವರ್ಷ ಸ್ಟುಡಿಯೊದಲ್ಲಿ ದುಡಿದ ಇವರು, ವಯೋಸಹಜ ದೃಷ್ಟಿದೋಷದಿಂದಾಗಿ ಕೆಲಸದಿಂದ ನಿವೃತ್ತರಾದರು."

ವಯೋಸಹಜ ದೃಷ್ಟಿದೋಷ. ನನ್ನದೇ ಮಾತು, ಒಂದಕ್ಷರವೂ ಬದಲಾಗದೆ. ಎಂದೋ ಪತ್ರಿಕೆಯಲ್ಲಿ ಓದಿದ್ದನ್ನು ಮಗ ನಂಬಿದ್ದ. ಬಾಯಮ್ಮ ಇವನಿಗೂ ಏನನ್ನೂ ಹೇಳಿರಲಿಲ್ಲ. ಹೇಳುವವರು ಬೇರೆ ಒಬ್ಬರು ಇದ್ದಾರೆ ಎಂದು ಕೊನೆಯವರೆಗೂ ನಂಬಿಕೊಂಡಿದ್ದರೋ ಏನೋ.

ಪೆನ್ನು ಕೇಳಿದೆ. ಮೂರನೆಯ ಸಾಲಿನ ಮೇಲೆ ಗೀಟು ಎಳೆದೆ. ಅವನು ಗಾಬರಿಯಾಗಿ, "ತಪ್ಪಿದೆಯಾ ಟೀಚರ್?" ಎಂದು ಕೇಳಿದ.

"ತಪ್ಪಿದೆ. ಅದನ್ನು ಬರೆದವಳು ನಾನು," ಎಂದೆ. ಆಮೇಲೆ ಕಟಪಾಡಿಯ ಫ್ಲೆಕ್ಸಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಹೇಳಿದೆ, ಧಣಿಗಳ ಮಾತು, ನನ್ನ ಸಹಿ, ಎಲ್ಲವನ್ನೂ. ಅವನು ಕೇಳಿ ಮುಗಿದ ಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ ಒಳಗೆ ಹೋದ. ಅದು ಅಚ್ಚಾಯಿತೋ ಇಲ್ಲವೋ, ಆಗಿದ್ದರೆ ಮೂರನೆಯ ಸಾಲು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಯಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ.